ಎಷ್ಟು ಎಕ್ಸ್ ಬೇಕು ಅಂತ ಕೇಳಿದ್ದೆಯಲ್ಲ

ಹೋದ ವಾರ ಡೆನ್ವರಿನಿಂದ ಗೆಳೆಯ ಫೋನ್ ಮಾಡಿದ್ದ. ನಮ್ಮ ಕೊಪ್ಪದ ಕಡೆಯವನೇ. ಹೊಸದಾಗಿ .223 ರೈಫಲ್ ತಗೊಂಡಿದ್ದಾನೆ. ಬೇಸಿಗೆಯಲ್ಲಿ ನನ್ನ ಜೊತೆ ಪ್ರೇರಿ ಡಾಗ್ ಹೊಡೆಯಲು ಬರುತ್ತಾನೆ. "ಸ್ಕೋಪ್ ಒಂದು ಹೇಳು ಮಾರಾಯ. ಎಷ್ಟು ಎಕ್ಸ್ ತಗೊಳ್ಳಲಿ? 24 ಸಾಕಾ, 32 ಬೇಕಾ?" ಅಂದ. ಎಕ್ಸ್ ಅಂದರೆ ಸ್ಕೋಪಿನಲ್ಲಿ, ರೈಫಲ್ ಮೇಲೆ ಕೂರಿಸುವ ದುರ್ಬೀನಿನಲ್ಲಿ, ಗುರಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವ ಲೆಕ್ಕ. ಪವರ್ ಅಂದರೂ ಅದೇ. ಏನೋ ಒಂದು ಹೇಳಿ ಫೋನ್ ಇಟ್ಟೆ. ರಾತ್ರಿ ಮಲಗಿದ ಮೇಲೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಎಂಟು ವರ್ಷದ ಹಿಂದೆ ಅಂಗಡಿಯ ಕೌಂಟರಿನಲ್ಲಿ ನಿಂತು ನಾನೂ ಇದೇ ಪ್ರಶ್ನೆ ಕೇಳಿದ್ದೆ. ಜಾಸ್ತಿ ಎಕ್ಸ್ ಇರುವುದನ್ನೇ ಮನೆಗೆ ತಂದಿದ್ದೆ. ಅದರಿಂದ ಆದದ್ದನ್ನು ಅವನಿಗೆ ಸರಿಯಾಗಿ ಹೇಳಬೇಕು ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಸೌತ್ ಡಕೋಟಾದ ರ‍್ಯಾಪಿಡ್ ಸಿಟಿಯಲ್ಲಿ. ಊರು ದಾಟಿ ಪೂರ್ವಕ್ಕೆ ಹೋದರೆ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು, ದನ ಸಾಕುವ ರ‍್ಯಾಂಚುಗಳು. ಪ್ರೇರಿ ಡಾಗ್ ಅಂದರೆ ನಾಯಿ ಅಲ್ಲ, ಬಿಲ ತೋಡಿಕೊಂಡು ಗುಂಪಾಗಿ ಬಾಳುವ ಅಳಿಲಿನ ಜಾತಿ. ಬಿಲದ ಬಾಯಲ್ಲಿ ಎದ್ದು ನಿಂತರೆ ಸುಮಾರು ಒಂದು ಅಡಿ ಎತ್ತರ, ಮೂರು ಇಂಚು ಅಗಲ. ದನಕ್ಕೆ ಬೇಕಾದ ಹುಲ್ಲನ್ನು ಬುಡದವರೆಗೂ ಮೇಯುತ್ತವೆ ಅಂತ ರ‍್ಯಾಂಚಿನವರು ಹೊಡೆಯಲು ಕರೆಯುತ್ತಾರೆ. ನಮ್ಮ ಕಡೆ ಅಡಿಕೆ ತೋಟಕ್ಕೆ ಮಂಗ ಬಂದ ಹಾಗೆ ಅಂತಿಟ್ಟುಕೊಳ್ಳಿ. ಆದರೆ ಎಲ್ಲ ಕಡೆಯೂ ಹೊಡೆಯುವ ಹಾಗಿಲ್ಲ. ವಾಲ್ ಊರಿನ ದಕ್ಷಿಣಕ್ಕೆ ಕೊನಾಟಾ ಬೇಸಿನ್ ಇದೆ. ಅಲ್ಲಿ ಕಪ್ಪು ಕಾಲಿನ ಫೆರೆಟ್ ಅನ್ನುವ ಪ್ರಾಣಿ ಇದೆ. ಇನ್ನು ಇಲ್ಲವೇ ಇಲ್ಲ ಅಂದುಕೊಂಡಿದ್ದ ಈ ಪ್ರಾಣಿ 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಹತ್ತಿರ ಮತ್ತೆ ಕಂಡಿತ್ತು. ಅದರ ಊಟವೇ ಪ್ರೇರಿ ಡಾಗ್, ಮನೆಯೂ ಪ್ರೇರಿ ಡಾಗಿನ ಬಿಲವೇ. ಆ ಕಡೆ ನಾನು ಬಂದೂಕು ಹಿಡಿದು ಹೋಗುವುದಿಲ್ಲ.

ನಮ್ಮಜ್ಜನ ಹತ್ತಿರ ಕೇಪಿನ ಕೋವಿ ಇತ್ತು, ಬೆಳೆ ರಕ್ಷಣೆಯ ಲೈಸೆನ್ಸಿನದ್ದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಮೂವತ್ತು ಮಾರಿಗಿಂತ ಆಚೆ ಅವರು ಈಡು ಹೊಡೆದದ್ದು ನಾನು ನೋಡಿಲ್ಲ. "ಕಣ್ಣಿಗೆ ಪೂರ್ತಿ ಕಾಣಬೇಕು ಮಗಾ" ಅನ್ನುತ್ತಿದ್ದರು. ಇಲ್ಲಿ ನಾನು ಮಲಗಿ ಹೊಡೆಯುವುದು 300, 400 ಗಜಕ್ಕೆ. ಅಜ್ಜನ ಲೆಕ್ಕದಲ್ಲಿ ನೂರೈವತ್ತು, ಇನ್ನೂರು ಮಾರು. ಅಷ್ಟು ದೂರದ್ದು ಪೂರ್ತಿ ಕಾಣಬೇಕಾದರೆ ಎಕ್ಸ್ ಜಾಸ್ತಿ ಇದ್ದರೆ ಆಯಿತು ಅಂತ ನಾನು ನಂಬಿದ್ದೆ.

ಮೊದಲ ಸ್ಕೋಪ್ 6-24 ಪವರಿನದ್ದು, ಅಂದರೆ 6ರಿಂದ 24ರವರೆಗೆ ಏರಿಸಿ ಇಳಿಸಬಹುದು, ಮುಂದಿನ ಗಾಜು 50 ಮಿಲಿಮೀಟರ್. ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಟಾರ್ಪಾಲ್ ಹಾಸಿ ಮಲಗಿದೆ. ಬಿಲಗಳು 400 ಗಜ ಆಚೆ. ನನ್ನ ರೈಫಲ್ 200 ಗಜಕ್ಕೆ ಸೊನ್ನೆ ಮಾಡಿದ್ದು, ಅಂದರೆ ಅಷ್ಟು ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುತ್ತದೆ. 55 ಗ್ರೇನ್ ತೂಕದ ಗುಂಡು 400 ಗಜಕ್ಕೆ ಹೋಗುವಷ್ಟರಲ್ಲಿ ಸುಮಾರು 19 ಇಂಚು ಕೆಳಗೆ ಬೀಳುತ್ತದೆ. ಅಂದರೆ ನಾಲ್ಕೂವರೆ ಎಂಒಎ. ಎಂಒಎ ಕೋನದ ಅಳತೆ. ಒಂದು ಎಂಒಎ ಅಂದರೆ 100 ಗಜಕ್ಕೆ ಇಂಚಿಗಿಂತ ಕೂದಲೆಳೆಯಷ್ಟು ಜಾಸ್ತಿ, 400ಕ್ಕೆ ನಾಲ್ಕು ಇಂಚು ಚಿಲ್ಲರೆ. ಸ್ಕೋಪಿನ ಒಳಗಿನ ಗೆರೆಯ ಮೇಲೆ ಒಂದೊಂದು ಎಂಒಎಗೆ ಒಂದರಂತೆ ಗುರುತುಗಳಿದ್ದವು. ನಾಲ್ಕನೇ ಗುರುತಿಗಿಂತ ಚೂರು ಕೆಳಗೆ ಹಿಡಿದು ಹೊಡೆದೆ. ಪವರ್ 24ರಲ್ಲಿತ್ತು. ಬೆಳಗಿನ ತಂಪಿನಲ್ಲಿ ಎಲ್ಲ ಸರಿಯಾಗಿ ಬಿತ್ತು.

ಹತ್ತು ಗಂಟೆಗೆ ನೆಲ ಕಾಯಿತು. ಸ್ಕೋಪಿನೊಳಗೆ ಬಿಸಿಲುಗುದುರೆ ಶುರುವಾಯಿತು. ರಸ್ತೆಯ ಮೇಲೆ ದೂರದಲ್ಲಿ ನೀರು ನಿಂತ ಹಾಗೆ ಕಾಣುತ್ತದಲ್ಲ, ಅದೇ. 24 ಪವರಿನಲ್ಲಿ ಪ್ರಾಣಿ ಹೇಗೆ ದೊಡ್ಡದಾಗುತ್ತದೋ ಆ ಝಳವೂ ಹಾಗೇ ದೊಡ್ಡದಾಗುತ್ತದೆ. ಕುದಿಯುವ ಎಸರಿನ ತಳದಲ್ಲಿ ಅಕ್ಕಿಕಾಳು ನೋಡಿದ ಹಾಗಿತ್ತು. ಪವರ್ ಇಳಿಸುತ್ತಾ ಬಂದೆ. 12ಕ್ಕೆ ಬಂದಾಗ ಕಣ್ಣಿಗೆ ಹಾಯೆನಿಸಿತು. ಪ್ರಾಣಿ ಚಿಕ್ಕದಾಯಿತು, ಆದರೆ ನಿಂತಿತು. ಅದೇ ಗುರುತಿನಲ್ಲಿ ಹಿಡಿದು ಕೋವಿಯ ಕುದುರೆ ಎಳೆದೆ. ಪ್ರಾಣಿಯ ಹಿಂದೆ ಎಷ್ಟೋ ದೂರದಲ್ಲಿ ಧೂಳೆದ್ದಿತು. ಮತ್ತೊಂದು ಈಡು, ಮತ್ತೆ ಧೂಳು. ಗಾಳಿ ಅಂದುಕೊಂಡೆ. ನಳಿಗೆ ಬಿಸಿಯಾಗಿದೆ ಅಂದುಕೊಂಡೆ. ತೋಟೆ ಬದಲಾಯಿಸಿದೆ. ಇಪ್ಪತ್ತು ತೋಟೆ ಖಾಲಿಯಾಯಿತು.

ರ‍್ಯಾಂಚಿನ ಯಜಮಾನರು ಬೇಲಿ ನೋಡಲು ಬಂದವರು ಪಕ್ಕದಲ್ಲಿ ಕೂತರು. ಬಗ್ಗಿ ಸ್ಕೋಪಿನ ಪವರ್ ಉಂಗುರ ನೋಡಿದರು. "12ರಲ್ಲಿ ಇಟ್ಟಿದ್ದೀರಿ. ನಿಮ್ಮ ಗೆರೆ 24ಕ್ಕೆ ಮಾತ್ರ ಲೆಕ್ಕ" ಅಂದರು. ಆಗ ಅರ್ಥವಾಯಿತು.

ಸ್ಕೋಪಿನಲ್ಲಿ ಎರಡು ಜಾತಿ. ಒಂದು ಸೆಕೆಂಡ್ ಫೋಕಲ್ ಪ್ಲೇನ್. ಪವರ್ ಏರಿಸಿದರೂ ಇಳಿಸಿದರೂ ಗೆರೆ ಕಣ್ಣಿಗೆ ಒಂದೇ ಅಳತೆಯಲ್ಲಿ ಕಾಣುತ್ತದೆ, ಚಿತ್ರ ಮಾತ್ರ ದೊಡ್ಡದು ಚಿಕ್ಕದು ಆಗುತ್ತದೆ. ಹಾಗಾಗಿ ಗುರುತುಗಳ ಲೆಕ್ಕ ಒಂದೇ ಪವರಿಗೆ ಸರಿ, ಸಾಮಾನ್ಯವಾಗಿ ಅತಿ ಮೇಲಿನದಕ್ಕೆ. ಅರ್ಧಕ್ಕೆ ಇಳಿಸಿದರೆ ಪ್ರತಿ ಗುರುತೂ ಎರಡರಷ್ಟಾಗುತ್ತದೆ. ನಾನು ನಾಲ್ಕೂವರೆ ಅಂತ ಹಿಡಿದದ್ದು ನಿಜಕ್ಕೂ ಒಂಬತ್ತು. 400 ಗಜದಲ್ಲಿ 19 ಇಂಚು ಮೇಲೆ. ಒಂದು ಅಡಿ ಎತ್ತರದ ಪ್ರಾಣಿಯ ತಲೆ ಮೇಲಿಂದ ಹಾಯಾಗಿ ಹೋಗುತ್ತಿತ್ತು. ಇನ್ನೊಂದು ಜಾತಿ ಫಸ್ಟ್ ಫೋಕಲ್ ಪ್ಲೇನ್. ಇದರಲ್ಲಿ ಚಿತ್ರದ ಜೊತೆ ಗೆರೆಯೂ ಹಿಗ್ಗುತ್ತದೆ, ಕುಗ್ಗುತ್ತದೆ. ಯಾವ ಪವರಿಗೂ ಲೆಕ್ಕ ಒಂದೇ. ಪ್ರೇರಿ ಡಾಗಿಗೆ ಸೆಕೆಂಡ್ ಫೋಕಲ್ಲೇ ಒಳ್ಳೆಯದು, ಮೇಲಿನ ಪವರಿನಲ್ಲಿ ಗೆರೆ ಸಣ್ಣಗಿರುತ್ತದೆ ಅಂತ ಹಳಬರು ಹೇಳುತ್ತಾರೆ. ತಂಪು ಹೊತ್ತಿನಲ್ಲಿ ಮಾತ್ರ ಹೊಡೆಯುವವರಿಗೆ, ಟರೆಟ್, ಅಂದರೆ ಸ್ಕೋಪಿನ ನೆತ್ತಿಯ ತಿರುಗಣೆ, ತಿರುಗಿಸಿಯೇ ಎತ್ತರ ಹೊಂದಿಸಿ ಹೊಡೆಯುವವರಿಗೆ ಆ ಮಾತು ಸರಿ. ಆದರೆ ಈ ಬಯಲಿನಲ್ಲಿ ಬಿಸಿಲು ಏರಿದ ಹಾಗೆ ಪವರ್ ಇಳಿಸಲೇಬೇಕು. ಇಳಿಸಿದ ಕೂಡಲೇ ಗೆರೆ ಸುಳ್ಳು ಹೇಳಿದರೆ ಅದನ್ನು ನಾನು ಹೇಗೆ ನಂಬಲಿ? ಅದಕ್ಕೇ ನನ್ನ ವೋಟು ಫಸ್ಟ್ ಫೋಕಲ್ಲಿಗೆ.

ಇನ್ನು ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಗೆರೆಯೂ ಗುರಿಯ ಮೇಲೆ ಸರಿದ ಹಾಗೆ ಕಾಣುವುದು. ಇದನ್ನು ಬರೆಯುವಾಗ ಈಗಲೂ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಮರುವರ್ಷ ಬೇರೆಯವರ ಸ್ಕೋಪೊಂದನ್ನು ಕೂರಿಸಿಕೊಂಡು ಹೋಗಿದ್ದೆ. ಮುಂದಿನ ಗಾಜು 40 ಮಿಲಿಮೀಟರ್, ಪ್ಯಾರಲಾಕ್ಸ್ 100 ಗಜಕ್ಕೆ ಕಾಯಂ, ಹೊಂದಿಸಲು ತಿರುಗಣೆ ಇಲ್ಲ. 300 ಗಜದಲ್ಲಿ ಒಂದಕ್ಕೆ ಹೊಡೆದೆ. ಗೆರೆ ಸರಿಯಾಗಿ ಎದೆಯ ಮೇಲಿತ್ತು, ನನಗೆ ಚೆನ್ನಾಗಿ ನೆನಪಿದೆ. ಆದರೆ ಕೆನ್ನೆ ಕೋವಿಯ ಹಿಡಿಯ ಮೇಲೆ ಸ್ವಲ್ಪ ಜಾರಿತ್ತು. ಗುಂಡು ಪಕ್ಕಕ್ಕೆ ತಾಗಿತು. ಅದು ಹಿಂಗಾಲು ಎಳೆದುಕೊಂಡು ಬಿಲದೊಳಗೆ ಹೋಯಿತು. ನಾನು ನಡೆದು ಹೋಗಿ ಬಿಲದ ಬಾಯಲ್ಲಿ ಬಹಳ ಹೊತ್ತು ಕೂತೆ. ಮತ್ತೆ ಬರಲಿಲ್ಲ. ಹೊಡೆದದ್ದನ್ನು ಹೋಗಿ ನೋಡದೆ ಅಜ್ಜ ಮನೆಗೆ ಬಂದವರಲ್ಲ. ಅವತ್ತು ನಾನು ನೋಡಲು ಹೋದರೂ ಏನೂ ಮಾಡಲಾಗಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಪ್ಯಾರಲಾಕ್ಸ್ ಹೊಂದದೆ ಇದ್ದರೆ ಕಣ್ಣು ಸರಿದಾಗ ಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಆ ಸ್ಕೋಪಿನಲ್ಲಿ ಕಣ್ಣು ಪೂರ್ತಿ ಅಂಚಿಗೆ ಹೋದರೆ 300 ಗಜದಲ್ಲಿ ಒಂದೂವರೆ ಇಂಚಿನವರೆಗೂ ತಪ್ಪಬಹುದು. ಮೂರು ಇಂಚು ಅಗಲದ ಪ್ರಾಣಿಗೆ ನಡುವಿನಿಂದ ಅಂಚಿಗೆ ಎಷ್ಟು? ಅದೇ ಒಂದೂವರೆ. ಆದ್ದರಿಂದ ಎಡಗಡೆ ತಿರುಗಣೆ ಇರುವ ಸೈಡ್ ಫೋಕಸ್ ಸ್ಕೋಪೇ ತಗೋ. ಮುಂದಿನ ಗಾಜಿನ ಸುತ್ತಲಿನ ಉಂಗುರ ತಿರುಗಿಸುವ ಹಳೆಯ ಬಗೆಯೂ ಆಗುತ್ತದೆ, ಮಲಗಿದಲ್ಲಿಂದ ಕೈ ಚಾಚಬೇಕು ಅಷ್ಟೆ. ಆದರೆ ಮೇಲೆ ಕೆತ್ತಿದ ಗಜದ ಅಂಕಿಯನ್ನು ನಂಬಬೇಡ. ಕೋವಿ ಚೀಲದ ಮೇಲೆ ಅಲ್ಲಾಡದೆ ಇರಲಿ, ನೀನು ತಲೆ ಮಾತ್ರ ಮೇಲೆ ಕೆಳಗೆ ಆಡಿಸು. ಗೆರೆ ಗುರಿಯ ಮೇಲೆ ಈಜುವುದು ನಿಲ್ಲುವವರೆಗೆ ತಿರುಗಿಸು. ಇದೇ ತಿರುಗಣೆಯಿಂದ ಇನ್ನೊಂದು ಉಪಯೋಗ ಇದೆ. ಫೋಕಸ್ಸನ್ನು ಪ್ರಾಣಿಗಿಂತ ಚೂರು ಈಚೆಗೆ ಎಳೆದರೆ ಝಳ ಯಾವ ಕಡೆ ವಾಲುತ್ತಿದೆ ಅಂತ ಕಾಣುತ್ತದೆ. ಗಾಳಿ ಆ ಕಡೆಗೇ. ಗಂಟೆಗೆ 10 ಮೈಲಿಯ ಅಡ್ಡಗಾಳಿ 300 ಗಜದಲ್ಲಿ ನನ್ನ ಗುಂಡನ್ನು ಸುಮಾರು 9 ಇಂಚು ತಳ್ಳುತ್ತದೆ. ಅಂದರೆ ಮೂರು ಪ್ರಾಣಿಗಳ ಅಗಲ. 32 ಎಕ್ಸ್ ಇದ್ದರೂ ಅದಕ್ಕೆ ಮದ್ದಿಲ್ಲ.

ಗಾಜಿನ ಗುಣ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಮನಸ್ಸಿಗೆ ಹತ್ತಿದ್ದು ಒಂದು ಗೂಬೆಯಿಂದ. ಪ್ರೇರಿ ಡಾಗ್ ಬಿಟ್ಟುಹೋದ ಬಿಲಗಳಲ್ಲಿ ಒಂದು ಬಗೆಯ ಗೂಬೆ ಮನೆ ಮಾಡುತ್ತದೆ. ಗೇಣಿಗಿಂತ ಸ್ವಲ್ಪ ಎತ್ತರ, ಮಣ್ಣಿನ ಬಣ್ಣ, ಉದ್ದ ಕಾಲು. ಹಗಲಿನಲ್ಲೇ ಬಿಲದ ಬಾಯಲ್ಲಿ ನೆಟ್ಟಗೆ ನಿಂತಿರುತ್ತದೆ. ಮೊದಲ ಸ್ಕೋಪಿನಲ್ಲಿ 24 ಪವರಿಗೆ ಏರಿಸಿದರೆ ಚಿತ್ರ ಮಂಕಾಗುತ್ತಿತ್ತು. 50ನ್ನು 24ರಿಂದ ಭಾಗಿಸಿ, ಕಣ್ಣಿಗೆ ಬರುವ ಬೆಳಕಿನ ಕಂಡಿ ಎರಡೇ ಮಿಲಿಮೀಟರ್. ಕಂದು ಬಣ್ಣದ ಒಂದು ಗೂಟ ಕಾಣುತ್ತಿತ್ತು ಅಷ್ಟೆ. ಈಗಿನದು 44 ಮಿಲಿಮೀಟರಿನದ್ದು, 12ರಲ್ಲಿ ಇಟ್ಟರೆ ಮೂರೂವರೆಗೂ ಜಾಸ್ತಿ. ಹೋದ ಜೂನಿನಲ್ಲಿ ಇದೇ ಸ್ಕೋಪಿನಲ್ಲಿ 280 ಗಜದ ಒಂದು ಬಿಲ ನೋಡುತ್ತಿದ್ದೆ. ನಿಂತದ್ದು ಒಮ್ಮೆ ಕುಗ್ಗಿ ಎದ್ದಿತು, ತಲೆ ಪೂರ್ತಿ ಪಕ್ಕಕ್ಕೆ ತಿರುಗಿಸಿತು. ಹಳದಿ ಕಣ್ಣು ಕಂಡಿತು, ಎದೆಯ ಮೇಲಿನ ಬಿಳಿ ಚುಕ್ಕೆಗಳು ಕಂಡವು. ಬೋಲ್ಟ್ ಎತ್ತಿ ತೋಟೆ ಹೊರಗೆ ತೆಗೆದೆ. ಆ ಹಕ್ಕಿಗೆ 1918ರ ವಲಸೆ ಹಕ್ಕಿಗಳ ಕಾಯಿದೆಯ ರಕ್ಷಣೆ ಇದೆ. ಕಾಯಿದೆ ಇಲ್ಲದಿದ್ದರೂ ಅದನ್ನು ಹೊಡೆಯುವ ಕೈ ನನ್ನದಾಗಬಾರದು.

ಟರೆಟ್ ತಿರುಗಿಸಿ ಹೊಡೆಯುವುದಾದರೆ ಹೊಲಕ್ಕೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. 100 ಗಜದಲ್ಲಿ ಆಳೆತ್ತರದ ರಟ್ಟು ನಿಲ್ಲಿಸು. ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ಅದರ ಗುಂಟ ಗೆರೆ ಎಳೆ. ಕೆಳಗಿನ ಚುಕ್ಕೆಗೆ ಮೂರು ಈಡು. ಆಮೇಲೆ 20 ಎಂಒಎ ಏರಿಸು. ತಿರುಗಿಸುವಾಗ ಒಂದೊಂದು ಕಟಕ್ ಸದ್ದಿಗೆ ಕಾಲು ಎಂಒಎ ಸರಿಯುವ ಟರೆಟ್ ಆದರೆ 80 ಕಟಕ್. ಗುರಿ ಅದೇ ಚುಕ್ಕೆಗೇ, ಮತ್ತೆ ಮೂರು. ಅವು 21 ಇಂಚಿಗೆ ಕೂದಲಷ್ಟು ಕಡಿಮೆ ಎತ್ತರದಲ್ಲಿ, ಆ ಗೆರೆಯ ಮೇಲೇ ಬೀಳಬೇಕು. ಆಮೇಲೆ ಸೊನ್ನೆಗೆ ಇಳಿಸಿ ಇನ್ನು ಮೂರು. ನನ್ನ ಮೊದಲ ಸ್ಕೋಪ್ ಮೇಲಕ್ಕೆ ಸರಿಯಾಗಿ ಹೋಯಿತು, ವಾಪಸ್ ಬರುವಾಗ ಮುಕ್ಕಾಲು ಇಂಚು ಮೇಲೇ ಉಳಿಯಿತು. 100 ಗಜದಲ್ಲಿ ಮುಕ್ಕಾಲು ಅಂದರೆ 400ರಲ್ಲಿ ಮೂರು ಇಂಚು. ಎರಡು ಸಲ ಮಾಡಿದೆ, ಎರಡು ಸಲವೂ ಹಾಗೇ. ಮಾರನೇ ದಿನ ಅಂಗಡಿಗೆ ವಾಪಸ್ ಕೊಟ್ಟೆ.

ಉಳಿದದ್ದಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡ. ಎಂಒಎ ಆದರೂ ಸರಿ, ಮಿಲ್ ಅನ್ನುವ ಇನ್ನೊಂದು ಅಳತೆ ಆದರೂ ಸರಿ, ಒಳಗಿನ ಗೆರೆ ಮತ್ತು ಹೊರಗಿನ ಟರೆಟ್ ಎರಡೂ ಒಂದೇ ಲೆಕ್ಕದ್ದಿರಲಿ. ಕೊಳವೆ 30 ಮಿಲಿಮೀಟರ್ ಇದ್ದರೆ ಏರಿಳಿಸಲು ಜಾಗ ಜಾಸ್ತಿ ಸಿಗುತ್ತದೆ. ಕೆಂಪು ದೀಪದ ಗೆರೆ ಬೇಡವೇ ಬೇಡ, ನಾವು ಹೊಡೆಯುವುದು ಹಗಲಿನಲ್ಲಿ. ನಾನು ಈಗ ಇಟ್ಟುಕೊಂಡಿರುವುದು ವೋರ್ಟೆಕ್ಸ್ ಕಂಪನಿಯ 4-16, ಫಸ್ಟ್ ಫೋಕಲ್, ಎಂಒಎ. ನಾಲ್ಕು ಬೇಸಿಗೆ ಆಯಿತು. 16ಕ್ಕೆ ಏರಿಸುವುದು ಬೆಳಿಗ್ಗೆ ಮಾತ್ರ. ಒಂಬತ್ತರ ಮೇಲೆ 10-12ರಲ್ಲೇ ಇರುತ್ತದೆ. ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದೇನೆ: 300ಕ್ಕೆ 8 ಕಟಕ್, 400ಕ್ಕೆ 18. ಅದರಾಚೆಯದ್ದನ್ನು ಬರೆದಿಲ್ಲ, ಹೊಡೆಯುವುದೂ ಇಲ್ಲ.

ವೀಸಾದ ಮೇಲೆ ಇರುವ ನಮ್ಮವರು ಇದನ್ನು ಓದುತ್ತಿದ್ದರೆ ಒಂದು ಮಾತು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ರಾಜ್ಯದ ಹಂಟಿಂಗ್ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ. ಮೊದಲು ಲೈಸೆನ್ಸ್, ಆಮೇಲೆ ಅಂಗಡಿ. ನನ್ನ ಗೆಳೆಯನಿಗೆ ಗ್ರೀನ್ ಕಾರ್ಡ್ ಬಂದಿದೆ, ಆದರೂ ಹೊರರಾಜ್ಯದವನು, ಸೌತ್ ಡಕೋಟಾದ ಲೈಸೆನ್ಸ್ ಮಾಡಿಸಲೇಬೇಕು.

ನೀನು ಸ್ಕೋಪ್ ತಗೊಂಡ ಮೇಲೆ ಅಂಗಡಿಯಲ್ಲೇ ಕೂರಿಸಬೇಡ ಮಾರಾಯ, ಹಾಗೇ ತಗೊಂಡು ಬಾ. ಸ್ಕ್ರೂಗಳನ್ನು ಅಳತೆಗೆ ತಕ್ಕ ಹಾಗೆ ಬಿಗಿಯುವ ಇಂಚ್-ಪೌಂಡಿನ ಟಾರ್ಕ್ ವ್ರೆಂಚ್ ನನ್ನ ಹತ್ತಿರ ಇದೆ. ಶುಕ್ರವಾರ ರಾತ್ರಿ ಗ್ಯಾರೇಜಿನಲ್ಲಿ ತೂಗುಗುಂಡು ಕಟ್ಟಿ ಗೆರೆ ನೇರ ಮಾಡೋಣ. ಶನಿವಾರ ಪೂರ್ತಿ ರಟ್ಟಿಗೇ ಹೊಡೆಯೋಣ. ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಡಬೇಕು, ಝಳ ಏಳುವ ಮೊದಲು ನಾಲ್ಕು ಗಂಟೆ ಸಿಗುತ್ತದೆ. ಅವಲಕ್ಕಿ ನಾನು ಕಟ್ಟಿಕೊಂಡಿರುತ್ತೇನೆ.