ಸಾಲಿನಲ್ಲಿ ನಿಂತರೆ ಸಾಕರ್ ಬರುವುದಿಲ್ಲ

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ತೊಟ್ಟು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಕಾಲಲ್ಲಿ ಆಡುವುದಕ್ಕೆ ಸಾಕರ್ ಅನ್ನಬೇಕು. ನನಗೆ ಎರಡೂ ಬರುತ್ತಿರಲಿಲ್ಲ. ಆದರೂ ಈಗ ನಾಲ್ಕು ವರ್ಷದಿಂದ ಮಕ್ಕಳ ಸಾಕರ್ ಕೋಚ್ ಆಗಿದ್ದೇನೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಮಗಳನ್ನು ತಂಡಕ್ಕೆ ಸೇರಿಸಿದ ವಾರವೇ ಇಮೇಲ್ ಬಂತು: ಕೋಚ್ ಸಿಕ್ಕಿಲ್ಲ, ಪೋಷಕರು ಯಾರೂ ಒಪ್ಪದಿದ್ದರೆ ಮಕ್ಕಳನ್ನು ಬೇರೆ ತಂಡಗಳಿಗೆ ಹಂಚಿಬಿಡುತ್ತೇವೆ. ಮಗಳು ನನ್ನ ಮುಖ ನೋಡಿದಳು. ಊರೂರ ಮಕ್ಕಳ ಲೀಗ್‌ಗಳು ಇಲ್ಲಿ ಬಹುಮಟ್ಟಿಗೆ ನಡೆಯುವುದೇ ಹೀಗೆ ಸಿಕ್ಕಿಬಿದ್ದ ಅಪ್ಪ ಅಮ್ಮಂದಿರಿಂದ.

ಹಾಗಂತ ಸುಮ್ಮನೆ ಕೈಗೆ ಸೀಟಿ ಕೊಡುವುದಿಲ್ಲ. ನಮ್ಮ ಮೇಲೆ ಕೇಸುಗೀಸು ಇದೆಯೇ ಎಂಬ ಪರಿಶೀಲನೆ, ಮಕ್ಕಳ ಸುರಕ್ಷತೆಯ ಸೇಫ್‌ಸ್ಪೋರ್ಟ್ ತರಬೇತಿ, ತಲೆಗೆ ಪೆಟ್ಟು ಬಿದ್ದುದನ್ನು ಗುರುತಿಸುವುದು ಹೇಗೆ ಎಂಬ ಆನ್‌ಲೈನ್ ಪಾಠ, ಇಷ್ಟೂ ಆಗಬೇಕು. ಆಮೇಲೆ ಒಂದು ಬಲೆಚೀಲದ ತುಂಬ ಚೆಂಡು, ಗುರುತಿಗೆ ಇಡುವ ಕೋನ್ ಮತ್ತು ಬಣ್ಣದ ಮೇಲಂಗಿಗಳು. ಆ ಮೇಲಂಗಿಗೆ ಪಿನ್ನಿ ಎಂದು ಹೆಸರು. ಹನ್ನೆರಡು ಮಕ್ಕಳಿಗೆ ಪಿನ್ನಿ ಹಂಚಿ ಮುಗಿಸುವುದರೊಳಗೆ ಸೂರ್ಯ ಮುಳುಗುತ್ತಾನೆ, ಅದು ಬೇರೆ ಕಥೆ. ಈಗ ತಂಡಗಳನ್ನು ಮನೆಯಲ್ಲೇ ಬರೆದುಕೊಂಡು, ಪಿನ್ನಿಗಳನ್ನು ಮೊದಲೇ ಎರಡು ಗುಡ್ಡೆ ಮಾಡಿಟ್ಟಿರುತ್ತೇನೆ.

ಮೊದಲ ದಿನ ಎರಡು ಪುಟ ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ಮೈದಾನ ಎರಡು ಸುತ್ತು ಓಡಿಸಿದೆ. ಗೋಲಿನ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಾಗಿ ಬಂದು ಹೊಡೆಯಿರಿ ಅಂದೆ. ನೋಡಲು ಶಿಸ್ತಾಗಿತ್ತು. ನಾಲ್ಕನೆಯವನ ಸರದಿ ಬರುವಷ್ಟರಲ್ಲಿ ಸಾಲಿನ ಬಾಲದಲ್ಲಿದ್ದವರು ಹುಲ್ಲು ಕೀಳುತ್ತಿದ್ದರು. ಒಬ್ಬ ಕೋನನ್ನು ತಲೆಗೆ ಟೋಪಿ ಮಾಡಿಕೊಂಡಿದ್ದ. ರಾತ್ರಿ ಲೆಕ್ಕ ಹಾಕಿದೆ: ಒಬ್ಬರಿಗೆ ಅರ್ಧ ನಿಮಿಷವಾದರೆ ಹನ್ನೆರಡು ಮಕ್ಕಳ ಒಂದು ಸುತ್ತಿಗೆ 6 ನಿಮಿಷ. ಇಪ್ಪತ್ತು ನಿಮಿಷದಲ್ಲಿ ಒಂದು ಮಗುವಿಗೆ ಸಿಕ್ಕಿದ್ದು ಮೂರೇ ಮೂರು ಒದೆತ. ಉಳಿದ ಹೊತ್ತೆಲ್ಲ ರೇಷನ್ ಕ್ಯೂ.

ಕೋಚ್‌ಗಳ ಬಾಯಲ್ಲಿ ಒಂದು ಮಾತಿದೆ: ಲೈನ್, ಲ್ಯಾಪ್, ಲೆಕ್ಚರ್ ಮೂರೂ ಬೇಡ. ನಾನು ಮೊದಲ ದಿನವೇ ಮೂರನ್ನೂ ಮಾಡಿ ಮುಗಿಸಿದ್ದೆ.

ಇಲ್ಲಿನ ರಾಷ್ಟ್ರೀಯ ಸಂಸ್ಥೆ ಯು.ಎಸ್. ಸಾಕರ್ ಹೊಸ ಕೋಚ್‌ಗಳಿಗೆ ಹೇಳಿಕೊಡುವ ಕ್ರಮಕ್ಕೆ 'ಪ್ಲೇ–ಪ್ರಾಕ್ಟೀಸ್–ಪ್ಲೇ' ಎಂದು ಹೆಸರು. ಬಂದ ಕೂಡಲೇ ಆಟ, ನಡುವೆ ಅಭ್ಯಾಸ, ಕೊನೆಗೆ ಮತ್ತೆ ಆಟ. ಮೊದಲು ನನಗೆ ಇದು ಸೋಮಾರಿತನ ಅನ್ನಿಸಿತ್ತು. ಮಾಡಿ ನೋಡಿದಾಗ ಅದರ ಜಾಣತನ ತಿಳಿಯಿತು. ಆರು ಗಂಟೆಯ ಅಭ್ಯಾಸಕ್ಕೆ ಮಕ್ಕಳು 5:50ರಿಂದ 6:10ರವರೆಗೆ ಒಬ್ಬೊಬ್ಬರಾಗಿ ಕಾರಿನಿಂದ ಉದುರುತ್ತಾರೆ. ಮೊದಲು ಬಂದ ನಾಲ್ವರನ್ನು ಇಬ್ಬಿಬ್ಬರಾಗಿ ಆಡಲು ಬಿಡುವುದು, ಬಂದವರು ಬಂದ ಹಾಗೆ ಸೇರಿಕೊಳ್ಳುವುದು. ಯಾರಿಗೂ ಕಾಯುವ ಪ್ರಮೇಯವೇ ಇಲ್ಲ.

ನಡುವಿನ ಅಭ್ಯಾಸದಲ್ಲಿ ನನ್ನ ಕೈಹಿಡಿದದ್ದು ರೋಂಡೊ. ಹತ್ತು ಹೆಜ್ಜೆಯ ಚೌಕ, ಸುತ್ತ ನಾಲ್ವರು, ನಡುವೆ ಒಬ್ಬ. ಸುತ್ತಲಿನವರು ಚೆಂಡು ದಾಟಿಸುತ್ತಿರಬೇಕು, ನಡುವಿನವನು ಕಸಿದುಕೊಳ್ಳಬೇಕು. ತಪ್ಪಿದವರು ನಡುವಿಗೆ. ಎರಡು ಪಾಸಿಗೇ ಆಟ ಮುರಿಯುತ್ತಿದ್ದರೆ ನಾನು ಬಾಯಿ ಬಿಡುವುದಿಲ್ಲ, ಕೋನ್‌ಗಳನ್ನು ಎರಡು ಹೆಜ್ಜೆ ಹಿಂದೆ ಸರಿಸುತ್ತೇನೆ. ಜಾಗ ಹಿಗ್ಗಿದರೆ ಯೋಚಿಸಲು ಸಮಯ ಸಿಗುತ್ತದೆ. ಹತ್ತು ಪಾಸ್ ಸಲೀಸಾಗಿ ಹೋಗುತ್ತಿದ್ದರೆ ಚೌಕ ಕುಗ್ಗಿಸುತ್ತೇನೆ, ಇಲ್ಲವೇ ನಡುವೆ ಇನ್ನೊಬ್ಬರನ್ನು ಬಿಡುತ್ತೇನೆ. ಇದನ್ನು ಕಲಿಯಲು ನನಗೆ ಒಂದಿಡೀ ಸೀಸನ್ ಬೇಕಾಯಿತು. ಮಕ್ಕಳಿಗೆ ಆಗುತ್ತಿಲ್ಲವೆಂದರೆ ಇನ್ನೂ ಗಟ್ಟಿಯಾಗಿ ವಿವರಿಸುವುದು ನನ್ನ ಹಳೆಯ ಚಾಳಿ.

ಈ ವಿವರಿಸುವ ಚಾಳಿ ಬಿಡಿಸಿದ್ದು ಒಂದು ರೀತಿಯಲ್ಲಿ ನನ್ನ ಇಂಗ್ಲಿಷ್. ಆಫೀಸಿನಲ್ಲಿ ಮೀಟಿಂಗ್ ನಡೆಸುವ ಇಂಗ್ಲಿಷ್ ಒಂಬತ್ತು ವರ್ಷದವರ ಮುಂದೆ ನಡೆಯಲಿಲ್ಲ. ನಾನು ಅರ್ಧ ನಿಮಿಷ ಮಾತಾಡಿದರೆ, 'ಕೋಚ್, ಈಗೇನ್ ಮಾಡ್ಬೇಕು?' ಎಂದು ಕೇಳುತ್ತಿದ್ದರು. ಈಗ ಆಟವನ್ನು ಒಮ್ಮೆ ನಿಲ್ಲಿಸುತ್ತೇನೆ, ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಕೇಳುವುದು ಒಂದೇ ಪ್ರಶ್ನೆ: 'ಖಾಲಿ ಜಾಗ ಎಲ್ಲಿದೆ?' ಮೂರು ನಾಲ್ಕು ಕೈಗಳು ಆ ಕಡೆ ತೋರಿಸುತ್ತವೆ. ಆಡಿ. ಅಷ್ಟೇ.

ಪಂದ್ಯದ ನಿಯಮಗಳೂ ಅಭ್ಯಾಸವನ್ನು ತಿದ್ದುತ್ತವೆ. ಈ ವಯಸ್ಸಿನಲ್ಲಿ ಹನ್ನೊಂದು ಜನರ ಆಟವಿಲ್ಲ, ಒಂದು ಕಡೆಗೆ ಏಳೇ ಜನ. ಚೆಂಡು 4ನೇ ಸೈಜಿನದು. 10 ವರ್ಷದವರೆಗಿನವರು ತಲೆಯಿಂದ ಚೆಂಡು ಹೊಡೆಯುವಂತಿಲ್ಲ. ಗೋಲ್‌ಕೀಪರ್ ಚೆಂಡು ಹಿಡಿದಾಗ ಎದುರು ತಂಡದವರು ಬಿಲ್ಡ್‌ಔಟ್ ಲೈನ್ ಎಂಬ ಗೆರೆಯಾಚೆ ಹೋಗಬೇಕು. ಗೋಲ್‌ಕೀಪರ್ ಕೂಡ ಅದನ್ನು ಆಕಾಶಕ್ಕೆ ಒದೆಯದೆ, ಪಕ್ಕದವರಿಗೆ ಕೊಟ್ಟು ಆಟ ಕಟ್ಟಬೇಕು. ರೋಂಡೊದಲ್ಲಿ ಪಳಗಿದ ಕಾಲಿಗೆ ಇಲ್ಲಿ ಕೆಲಸ. ಆದರೆ ಶನಿವಾರ ಪಂದ್ಯದ ಹೊತ್ತಿಗೆ ಮೈದಾನದ ಅಂಚಿನಾಚೆ ಮಡಚು ಕುರ್ಚಿ ಹಾಕಿಕೊಂಡು ಕೂತ ಅಪ್ಪಂದಿರದು ಬೇರೆಯೇ ಮಂತ್ರ: 'ಜೋರಾಗಿ ಒದಿ!' ಪಾಸ್ ಕೊಡಲು ತಲೆಯೆತ್ತಿದ ಮಗು ಗಾಬರಿಯಾಗಿ ಒದ್ದುಬಿಡುತ್ತದೆ. ಇದಕ್ಕೆ ನನ್ನ ಬಳಿ ಮದ್ದಿಲ್ಲ. ಒಮ್ಮೆ ಅಭ್ಯಾಸದ ದಿನ ನಾಲ್ವರು ಅಪ್ಪಂದಿರನ್ನು ಕರೆದು ರೋಂಡೊ ಆಡಿಸಿದೆ. ಆ ಶನಿವಾರ ಸ್ವಲ್ಪ ಶಾಂತವಾಗಿತ್ತು.

ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಸಂಜೆ ಐದಕ್ಕೆಲ್ಲ ಕತ್ತಲು. ಹಾಗಾಗಿ ಹೋದ ವರ್ಷ ಕೊನೆಯ ಅಭ್ಯಾಸವನ್ನು ಬೇಗ ಇಟ್ಟುಕೊಂಡಿದ್ದೆವು. ಟ್ರಾಫಿಕ್‌ನಲ್ಲಿ ಸಿಕ್ಕಿ ನಾನೇ ಹತ್ತು ನಿಮಿಷ ತಡವಾಗಿ ಹೋದೆ. ಸಹಾಯಕ ಕೋಚ್, ಅವರೂ ಒಬ್ಬ ಅಮ್ಮ, ಕೈಕಟ್ಟಿ ಬದಿಯಲ್ಲಿ ನಿಂತಿದ್ದರು. ಮಕ್ಕಳು ತಾವೇ ಕೋನ್ ಇಟ್ಟುಕೊಂಡು ಎರಡು ಚೌಕ ಮಾಡಿಕೊಂಡಿದ್ದರು. ಒಂದು ಕಡೆ ಒಬ್ಬರು ಕಮ್ಮಿ. ಮೊದಲ ದಿನ ಟೋಪಿ ಹಾಕಿಕೊಂಡಿದ್ದವನು ನನ್ನನ್ನು ನೋಡಿ, 'ಕೋಚ್, ಲೇಟ್ ಬಂದವರು ನಡುವಿಗೆ' ಅಂದ. ನಿಂತೆ. ಮೂರನೇ ಪಾಸಿಗೆ ನನ್ನ ಮಗಳು ಚೆಂಡನ್ನು ನನ್ನ ಎರಡು ಕಾಲ ಸಂದಿಯಿಂದ ತೂರಿಸಿದಳು. ಅದಕ್ಕೆ ನಟ್‌ಮೆಗ್ ಅನ್ನುತ್ತಾರೆ. ಹಾಗೆ ತೂರಿಸಿಕೊಂಡವರು ಇನ್ನೊಂದು ಸುತ್ತು ನಡುವಿನಲ್ಲೇ ಇರಬೇಕಂತೆ. ಈ ನಿಯಮ ನಾನು ಮಾಡಿದ್ದಲ್ಲ.