ಮೈನಸ್ ಮೂವತ್ತರಲ್ಲಿ ಎಳ್ಳು ಬೀರುವುದು

ಕೆನಡಾದ ಸಾಸ್ಕಟೂನಿನಿಂದ 11ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 65 ಕಿ.ಮೀ. ಹೋದರೆ ರಾಸ್ಥರ್ನ್ ಸಿಗುತ್ತೆ. ಸುತ್ತಲಿನ ಹೊಲಗಳು ಅದೇ ಹೆಸರಿನ ಗ್ರಾಮೀಣ ಮುನಿಸಿಪಾಲಿಟಿಗೆ ಸೇರಿದವು. ಗೋಧಿ, ಬಾರ್ಲಿ, ಕನೋಲ ಬೆಳೆಯುವ ಸೀಮೆ. ಇಲ್ಲಿನ ಸುಗ್ಗಿ ಅಕ್ಟೋಬರ್ ಹೊತ್ತಿಗೆ ಮುಗಿದಿರುತ್ತೆ. ಸಂಕ್ರಾಂತಿ ಬರುವಾಗ ಕಾಳೆಲ್ಲ ಉಕ್ಕಿನ ಕಣಜದೊಳಗೆ, ಹೊಲದ ತುಂಬ ಹಿಮ. ಎಳ್ಳು, ಬೆಲ್ಲ, ಹುರಿಗಡಲೆ, ಕೊಬ್ಬರಿ ಎಲ್ಲ ಸಾಸ್ಕಟೂನಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುವುದರಿಂದ ಸಾಮಾನಿಗೆ ಅಂಥ ಪರದಾಟವಿಲ್ಲ. ಹಬ್ಬ ಕೆಡುವುದಾದರೆ ಚಳಿಯಿಂದ, ಒಣ ಹವೆಯಿಂದ ಕೆಡುತ್ತೆ.

ಮೊದಲು ಪಂಚಾಂಗ. ಈ ಊರಿರುವ ಸಾಸ್ಕಾಚೆವಾನ್ ಪ್ರಾಂತ್ಯ ವರ್ಷವಿಡೀ ಗಡಿಯಾರ ಬದಲಿಸುವುದಿಲ್ಲ, ಭಾರತಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ. ಊರಿನ ಪಂಚಾಂಗದಲ್ಲಿ ಸಂಕ್ರಮಣ 14ರ ಬೆಳಗ್ಗೆ 9ಕ್ಕೆ ಅಂತಿದ್ದರೆ ಇಲ್ಲಿ ಅದು 13ರ ರಾತ್ರಿ 9.30. 14ರ ಮಧ್ಯಾಹ್ನ 3ಕ್ಕಿದ್ದರೆ ಇಲ್ಲಿ 14ರ ಬೆಳಗಿನ ಜಾವ 3.30. ಹೀಗೆ ಕಳೆದು ನೋಡದೆ ಕ್ಯಾಲೆಂಡರ್ ತಾರೀಕನ್ನೇ ನಂಬಿದರೆ ಪುಣ್ಯಕಾಲ ತಪ್ಪಬಹುದು. ಸೂರ್ಯ ಹುಟ್ಟುವುದೇ ಒಂಬತ್ತು ದಾಟಿದ ಮೇಲೆ, ಮುಳುಗುವುದು ಐದೂವರೆಯೊಳಗೆ. ಹಬ್ಬಕ್ಕೆ ರಜೆ ಇಲ್ಲ, ಹಾಗಾಗಿ ಪೂಜೆ ಆ ದಿನ, ಎಳ್ಳು ಬೀರುವುದು ಮುಂದಿನ ಶನಿವಾರ ಅಂತ ಇಟ್ಟುಕೊಂಡರೆ ಅನುಕೂಲ.

ಹತ್ತು ಮನೆಗೆ ತಲಾ 150 ಗ್ರಾಂನಂತೆ ಒಂದೂವರೆ ಕಿಲೋ ಎಳ್ಳುಬೆಲ್ಲ ಬೇಕು: ಕಡಲೆಕಾಯಿ ಬೀಜ 400 ಗ್ರಾಂ, ಹುರಿಗಡಲೆ 350, ಕೊಬ್ಬರಿ 300, ಬೆಲ್ಲ 300, ಬಿಳಿ ಎಳ್ಳು 150. ಕಡಲೆಕಾಯಿ ಬೀಜ ಹಸಿಯದೇ ತನ್ನಿ. ಸೂಪರ್‌ಮಾರ್ಕೆಟ್ಟಿನಲ್ಲಿ ಹುರಿದದ್ದು ಅಂತ ಸಿಗುವುದಕ್ಕೆ ಬಹಳ ಸಲ ಎಣ್ಣೆ, ಉಪ್ಪು ಸೇರಿರುತ್ತೆ. ಎರಡೇ ದಿನಕ್ಕೆ ಬೆಲ್ಲವೆಲ್ಲ ಜಿಡ್ಡಾಗುತ್ತೆ. ಓವನ್‌ನಲ್ಲಿ 160 ಡಿಗ್ರಿಗೆ ಇಪ್ಪತ್ತು ನಿಮಿಷ ಹುರಿದು, ನಡುವೆ ಎರಡು ಸಲ ಕೈಯಾಡಿಸಿ. ಅಂಗಳದಲ್ಲಿ ಮೊರ ಹಿಡಿದು ಸಿಪ್ಪೆ ಹಾರಿಸುವ ಮಾತೇ ಇಲ್ಲ; ದೊಡ್ಡ ತೂತಿನ ಜರಡಿಗೆ ಹಾಕಿ ಸಿಂಕಿನ ಮೇಲೆ ಉಜ್ಜಿದರೆ ಸಿಪ್ಪೆ ಕೆಳಗೆ ಉದುರುತ್ತೆ. ಎಳ್ಳು ಸಣ್ಣ ಉರಿಯಲ್ಲಿ, ಉಬ್ಬಿ ಚಟಪಟ ಅನ್ನುವವರೆಗೆ ಮಾತ್ರ. ಕೆಂಪಗಾದರೆ ಕಹಿ.

ಕೊಬ್ಬರಿ ಅಂದರೆ ಇಡೀ ಗಿಟುಕು. ಬೇಕಿಂಗ್ ಕಪಾಟಿನಲ್ಲಿ ಸಿಗುವ ಒಣ ತುರಿ ತಂದರೆ ಎಳ್ಳಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೆಚ್ಚಿದ ಕೊಬ್ಬರಿಗೆ ಊರಿನಂತೆ ಬಿಸಿಲು ಬೇಡ. ಹೀಟರ್ ಹಾಕಿದ ಮನೆಯ ಗಾಳಿ ಎಷ್ಟು ಒಣಗಿರುತ್ತೆಂದರೆ ತಟ್ಟೆಯಲ್ಲಿ ಹರಡಿಟ್ಟರೆ ಬೆಳಗ್ಗೆಗೆ ಗರಿಗರಿ.

ಅದೇ ಗಾಳಿ ಬೆಲ್ಲಕ್ಕೆ ಶತ್ರು. ಡಿಸೆಂಬರ್‌ನಲ್ಲಿ ತಂದಿಟ್ಟ ಅಚ್ಚು ಜನವರಿಗೆ ಕಲ್ಲಾಗಿರುತ್ತೆ, ಚಾಕು ಇಟ್ಟರೆ ಅರ್ಧ ಪುಡಿ. ಮೈಕ್ರೋವೇವ್‌ಗೆ ಇಟ್ಟವರ ಬೆಲ್ಲ ಒಳಗೆ ಕರಗಿ ಹೊರಗೆ ಗಟ್ಟಿಯಾಗೇ ಉಳಿದು, ಆರಿದ ಮೇಲೆ ಪೆಪ್ಪರ್‌ಮೆಂಟ್ ಆಗುತ್ತೆ. ಅಚ್ಚನ್ನು ಪೇಪರಿನಲ್ಲಿ ಸುತ್ತಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯ ಜೊತೆ ಮುಚ್ಚಿದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ ಹೆಚ್ಚಿ, ಒಂದು ಗಂಟೆ ಹರಡಿ ಆರಿಸಿ, ಎಲ್ಲಕ್ಕಿಂತ ಕೊನೆಗೆ ಬೆರೆಸಿ.

ಸಕ್ಕರೆ ಅಚ್ಚು ಮಾಡುವವರು ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಬೇಕು. ಇಲ್ಲಿನ ಚಳಿಗಾಲದಲ್ಲಿ ಮರ ಒಣಗಿ, ಜೋಡಿಯ ನಡುವೆ ಸಂದು ಬಿಟ್ಟು ಪಾಕ ಸೋರುತ್ತೆ. ಪ್ರತಿ ಜೋಡಿಗೂ ಎರಡು ರಬ್ಬರ್ ಬ್ಯಾಂಡ್ ಬಿಗಿಯಿರಿ. ಅರ್ಧ ಕಿಲೋ ಸಕ್ಕರೆಗೆ ಕಾಲು ಲೀಟರ್ ನೀರು. ಕುದಿ ಬಂದಾಗ ಎರಡು ಚಮಚ ಹಾಲು ಹಾಕಿ, ಮೇಲೆ ಬಂದ ಕಸ ತೆಗೆದು ಸೋಸಿ. ಆಮೇಲೆ ಒಂದೊಂದೇ ಸೌಟು ಚಿಕ್ಕ ಪಾತ್ರೆಗೆ ಹಾಕಿ ಕಾಯಿಸಿ, ಇಳಿಸಿ ತಿರುವುತ್ತಾ, ಹಾಲಿನ ಬಣ್ಣಕ್ಕೆ ತಿರುಗಿದ ಕೂಡಲೇ ಸುರಿಯಬೇಕು. ಎಳೆ ಪಾಕವಾದರೆ ಅಚ್ಚಿಗೆ ಅಂಟಿ ಆನೆಯ ಸೊಂಡಿಲು ಮುರಿಯುತ್ತೆ, ಹೆಚ್ಚಾದರೆ ಪಾತ್ರೆಯಲ್ಲೇ ಕೂರುತ್ತೆ. ಬಿಡಿಸಿದ ಅಚ್ಚುಗಳನ್ನು ತೊಳೆದು ನೆರಳಲ್ಲಿ ಆರಿಸಿ. ಹೀಟರಿನ ಬಿಸಿಗಾಳಿಗೆ ಇಟ್ಟರೆ ಮರ ಸೀಳುತ್ತೆ.

ಹುಗ್ಗಿ ಬಗ್ಗೆ ಹೇಳುವುದೇನಿಲ್ಲ, ಎಲ್ಲಿದ್ದರೂ ಅದೇ ಹುಗ್ಗಿ. ಗೆಣಸು ಕೊಳ್ಳುವಾಗ ಮಾತ್ರ ಕಿತ್ತಳೆ ಬಣ್ಣದ್ದು ಬಿಟ್ಟು ಕೆಂಪು ಸಿಪ್ಪೆ, ಬಿಳಿ ತಿರುಳಿನದನ್ನು ಹುಡುಕಿ. ಕಿತ್ತಳೆಯದು ಬೇಯಿಸಿದರೆ ನೀರು ನೀರು. ಅವರೆಕಾಳು ಫ್ರೋಜನ್‌ನಲ್ಲಿ ಸಿಗುತ್ತೆ. ಮಕ್ಕಳಿಗೆ ಎರೆಯಲು ಎಲಚಿ ಹಣ್ಣು ಸಿಗದಿದ್ದರೆ ಬೇಸಿಗೆಯಲ್ಲಿ ಕಿತ್ತು ಫ್ರೀಜರಿಗೆ ಹಾಕಿಟ್ಟ ಸಾಸ್ಕಟೂನ್ ಬೆರ್ರಿ ಆಗುತ್ತೆ. ಬಟಾಣಿ ಗಾತ್ರ, ಆದರೆ ಬಟ್ಟೆಗೆ ನೇರಳೆ ಕಲೆ ಬಿಡುತ್ತೆ, ಹಳೆ ಅಂಗಿ ಹಾಕಿಸಿ. ಬಾಗಿಲ ಮುಂದೆ ಅಕ್ಕಿ ಹಿಟ್ಟಿನ ರಂಗೋಲಿ ಹಾಕಿದರೆ ಬಿಳಿ ಮೇಲೆ ಬಿಳಿ. ಉಗುರುಬೆಚ್ಚಗಿನ ನೀರಿಗೆ ತಿಂಡಿಯ ಬಣ್ಣ ಬೆರೆಸಿ, ಸ್ಪ್ರೇ ಬಾಟಲಿಯಿಂದ ಹಿಮದ ಮೇಲೆ ಗೆರೆ ಎಳೆಯಿರಿ. ಹೆಪ್ಪುಗಟ್ಟಿ ಗಾಳಿಗೂ ಹಾರದೆ ಕೂತಿರುತ್ತೆ. ಬಾಟಲಿಯ ಮೂತಿ ಬೇಗ ಕಟ್ಟಿಕೊಳ್ಳುತ್ತೆ, ಚಿಕ್ಕ ರಂಗೋಲಿಯೇ ಜಾಣತನ.

ಇನ್ನು ಬೀರುವುದು. ಇಲ್ಲಿ ನೆಲವನ್ನು ಒಂದು ಮೈಲಿ ಚೌಕದ, 640 ಎಕರೆಯ ಸೆಕ್ಷನ್‌ಗಳಾಗಿ ಅಳೆದಿದ್ದಾರೆ. ಉತ್ತರ ದಕ್ಷಿಣದ ರಸ್ತೆಗೆ ಮೈಲಿಗೊಂದು, ಪೂರ್ವ ಪಶ್ಚಿಮಕ್ಕೆ ಎರಡು ಮೈಲಿಗೊಂದು ಜಾಗ ಬಿಟ್ಟಿದ್ದಾರೆ. ಪಕ್ಕದ ಮನೆ ಅಂದರೆ ಎರಡು ಮೈಲಿ. ಕಾರಿನ ಬ್ಲಾಕ್ ಹೀಟರನ್ನು (ಎಂಜಿನ್ ಬೆಚ್ಚಗಿಡುವ ಹೀಟರ್) ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಪ್ಲಗ್‌ಗೆ ಹಾಕಿ, ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ, ಕಂಬಳಿ ಮತ್ತು ಸಲಿಕೆ ಡಿಕ್ಕಿಯಲ್ಲಿರಲಿ. ಸಿಕ್ಕಿಹಾಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ, ಹೊಗೆಕೊಳವೆ ಸುತ್ತ ಹಿಮ ತೆಗೆದು ಒಳಗೇ ಇರಿ.

ತಾಂಬೂಲದ ಬಾಳೆಹಣ್ಣು, ವೀಳ್ಯದೆಲೆಗಳು ಬಾಗಿಲಿಂದ ಕಾರಿಗೆ ಹೋಗುವಷ್ಟರಲ್ಲೇ ಚಳಿ ಹೊಡೆಸಿಕೊಂಡು, ಮುಂದಿನ ಮನೆಯಲ್ಲಿ ಕಪ್ಪಗೆ ಕಾಣಿಸುತ್ತವೆ. ಬೇಸಿಗೆಯಲ್ಲಿ ಐಸ್ ತುಂಬುವ ಕೂಲರ್ ಡಬ್ಬಿಯೊಳಗೆ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು, ಅದರಲ್ಲಿ ಒಯ್ಯಿರಿ. ಎಳ್ಳುಬೆಲ್ಲದ ಪೊಟ್ಟಣ ತಣ್ಣಗಾದರೆ ಕೆಡುವುದಿಲ್ಲ, ಆದರೆ ತಕ್ಷಣ ತೆರೆದರೆ ಮನೆಯ ಬೆಚ್ಚನೆ ಗಾಳಿಯ ತೇವ ಅದರ ಮೇಲೆ ಕೂತು ಬೆಲ್ಲ ಅಂಟಂಟಾಗುತ್ತೆ. ಅರ್ಧ ಗಂಟೆ ಬಿಟ್ಟು ಬಿಚ್ಚಲು ಹೇಳಿ.

ನೆರೆಯ ಕೆನಡಾದವರಿಗೆ ಕೊಡುವ ಮುಂಚೆ ಅಲರ್ಜಿ ಇದೆಯೇ ಅಂತ ಕೇಳಲೇಬೇಕು. ಕಡಲೆಕಾಯಿಯಂತೆ ಎಳ್ಳಿನ ಅಲರ್ಜಿಯೂ ಪ್ರಾಣಕ್ಕೆ ಬರುವಂಥದ್ದು. ಮಗುವಿನ ಸ್ಕೂಲಿಗಂತೂ ಕಳಿಸಬೇಡಿ. ಅಂಥ ಮನೆಗೆ ಬೇರೆ ಪಾತ್ರೆಯಲ್ಲಿ ಮಾಡಿದ ಬರೀ ಸಕ್ಕರೆ ಅಚ್ಚು ಸಾಕು.

ನೆಂಟರು ಬಂದರೆ ತೋರಿಸಲು ಇಲ್ಲಿ ಸೀಗರ್ ವೀಲರ್ ಎಂಬ ರೈತನ ಹಳೆ ತೋಟವಿದೆ. 1911ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಅವನ ಮಾರ್ಕ್ವಿಸ್ ಗೋಧಿಗೆ ಮೊದಲ ಬಹುಮಾನ ಬಂದಿತ್ತು. ಅದೂ, ಹತ್ತಿರದ ಬತೋಶ್ ಐತಿಹಾಸಿಕ ತಾಣವೂ ಬೇಸಿಗೆಗೆ ಚೆಂದ. ಜನವರಿಯ ನೆಂಟರಿಗೆ ಮಂಜುಗಡ್ಡೆ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟ, ಆಕಾಶ ತಿಳಿಯಾಗಿದ್ದರೆ ರಾತ್ರಿ ಉತ್ತರದಲ್ಲಿ ಹಸಿರು ಬೆಳಕು. ಕಿಚ್ಚು ಹಾಯಿಸುವ ಆಸೆ ಬಿಟ್ಟುಬಿಡಿ. ಬಯಲಲ್ಲಿ ಚಳಿ ತಡೆದು ನಿಂತ ಕರೀ ಆಂಗಸ್ ದನಗಳಿಗೆ ಕಿಚ್ಚಿನ ಅಭ್ಯಾಸವಿಲ್ಲ, ಅವುಗಳ ಯಜಮಾನನಿಗೆ ಅದಕ್ಕಿಂತಲೂ ಇಲ್ಲ.