ರೆಪ್ಲಿಕಾ ಹೇಳಿದ ಸೊನ್ನೆ

ಕೋಲಾರದ ಕೆಲವು ಟೊಮೆಟೊ ಮಂಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳೋದು ನನ್ನ ಕೆಲಸ. ಹರಾಜಿನ ರೇಟು, ಬಾಕ್ಸಿನ ಎಣಿಕೆ ಹೋಗಿ ಕೂರೋದು ಬೆಂಗಳೂರಿನ ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರಿನಲ್ಲಿ. ರೈತರ ಚೀಟಿ ಪ್ರಿಂಟ್ ಆಗೋದು ಮಾತ್ರ ಕೋಲಾರದ ಆಫೀಸಿನಲ್ಲಿರೋ ರೆಪ್ಲಿಕಾದಿಂದ, ಅಂದ್ರೆ ಬೆಂಗಳೂರಿನ ಡೇಟಾವನ್ನ ಆಗಿಂದಾಗಲೇ ನಕಲು ಮಾಡಿಕೊಳ್ಳೋ ಇನ್ನೊಂದು ಸರ್ವರಿನಿಂದ.

ಸೀಸನ್ ಜೋರಾಗಿದ್ದಾಗ ಒಂದು ಬೆಳಿಗ್ಗೆ ಮಂಡಿ ಗುಮಾಸ್ತರ ಫೋನು. "ಸಾರ್, ಹರಾಜಾಗಿ ಮುಕ್ಕಾಲು ಗಂಟೆ ಆಯ್ತು. ರೈತ ಎದುರಿಗೇ ನಿಂತವ್ನೆ, ಚೀಟಿನೇ ಬರ್ತಿಲ್ಲ."

ರೆಪ್ಲಿಕಾ ಸ್ಟೇಟಸ್ ನೋಡಿದೆ. ಡೇಟಾ ತರೋ ಥ್ರೆಡ್, ಅದನ್ನ ಟೇಬಲಿಗೆ ಹಾಕೋ ಥ್ರೆಡ್ ಎರಡೂ 'ಯೆಸ್'; ಮುಖ್ಯ ಸರ್ವರಿಗಿಂತ ಎಷ್ಟು ಸೆಕೆಂಡು ಹಿಂದಿದೆ ಅನ್ನೋ 'ಸೆಕೆಂಡ್ಸ್ ಬಿಹೈಂಡ್ ಮಾಸ್ಟರ್' 0. "ನಮ್ಮ ಕಡೆ ಎಲ್ಲ ಸರಿಯಿದೆ, ನೀವೇ ಇನ್ನೊಂದ್ಸಲ ಎಂಟ್ರಿ ನೋಡಿ ಅಣ್ಣ" ಅಂದುಬಿಟ್ಟೆ. ಆ ಮಾತು ಈಗಲೂ ಚುಚ್ಚುತ್ತೆ.

ಆಗಿದ್ದೇನಂದ್ರೆ, ಕರೆಂಟ್ ಹೋಗಿ ಬಂದಿತ್ತು. ಸರ್ವರಿಗೆ ಯುಪಿಎಸ್ ಇತ್ತು, ರೂಟರಿಗೆ ಇರಲಿಲ್ಲ. ರೂಟರ್ ಎದ್ದಾಗ ಅದರ ಐಪಿ ವಿಳಾಸ ಬದಲಾಗಿತ್ತು; ಬೆಂಗಳೂರಿಂದ ಬರೋ ಡೇಟಾ ಹಳೇ ವಿಳಾಸ ಹುಡುಕ್ತಾ ಕಳೆದುಹೋಗ್ತಿತ್ತು. ರೆಪ್ಲಿಕಾ ಪಾಪ, ಸಂಪರ್ಕ ಇದೆ ಅಂತಲೇ ನಂಬಿ ಕೂತಿತ್ತು. ನಮ್ಮದು ಮೈಎಸ್‌ಕ್ಯೂಎಲ್‌ನ ಹಳೇ 5.6 ಆವೃತ್ತಿ. ಏನೂ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು ಅನ್ನೋ 'ಸ್ಲೇವ್ ನೆಟ್ ಟೈಮ್‌ಔಟ್' ಅದರಲ್ಲಿ 3600 ಸೆಕೆಂಡು, ಪೂರಾ ಒಂದು ಗಂಟೆ! (5.7.7ರಿಂದ ಅದನ್ನು 60ಕ್ಕೆ ಇಳಿಸಿದ್ದಾರೆ.)

ಹಾಗಾದರೆ ಆ ಸೊನ್ನೆ ಸುಳ್ಳಾ? ಅಲ್ಲ. ಈಗಾಗಲೇ ಬಂದು ಬಿದ್ದಿರೋ ರಿಲೇ ಲಾಗಿನಲ್ಲಿ (ಬಂದ ಡೇಟಾ ಮೊದಲು ಇಳಿಯೋ ಫೈಲು) ಎಷ್ಟು ಹಿಂದಿದ್ದೀವಿ ಅಂತ ಮಾತ್ರ ಅದು ಹೇಳೋದು. ಲಾರಿ ನರಸಾಪುರದ ಹತ್ತಿರ ಕೆಟ್ಟು ನಿಂತಿರುವಾಗ ಮಂಡಿಯ ಹಮಾಲಿಯನ್ನ "ಇಳಿಸೋದು ಬಾಕಿ ಇದೆಯೇನಪ್ಪಾ?" ಅಂತ ಕೇಳಿದ ಹಾಗೆ. "ಏನೂ ಇಲ್ಲ ಸಾಮಿ" ಅಂತಾನೆ. ಅವನು ಹೇಳಿದ್ದು ನಿಜವೇ.

ಅವತ್ತೇ ಹಾರ್ಟ್‌ಬೀಟ್ ಟೇಬಲ್ ಮಾಡಿದೆ. ಒಂದೇ ಸಾಲು, ಮುಖ್ಯ ಸರ್ವರ್ ಸೆಕೆಂಡಿಗೊಮ್ಮೆ ಅದರಲ್ಲಿ ಹೊತ್ತು ಬರೆಯುತ್ತೆ, ರೆಪ್ಲಿಕಾದಲ್ಲಿ ಅದನ್ನ ಓದಿ ಈಗಿನ ಹೊತ್ತಿನಿಂದ ಕಳೆಯೋದು. ಪರ್ಕೋನಾ ಕಂಪನಿಯ ಪಿಟಿ-ಹಾರ್ಟ್‌ಬೀಟ್ ಅನ್ನೋ ಟೂಲ್ ಮಾಡೋದೂ ಇದನ್ನೇ. ನಾನು ಜಂಬಕ್ಕೆ ಸ್ವಂತ ಸ್ಕ್ರಿಪ್ಟ್ ಬರೆದೆ, ಮೊದಲ ಸಲವೇ ಲ್ಯಾಗ್ (ರೆಪ್ಲಿಕಾ ಹಿಂದೆ ಬಿದ್ದಿರೋ ಹೊತ್ತು) 19800 ಅಂತ ಬಂತು. ಎದೆ ಧಸಕ್ಕೆಂದಿತು. ಆಮೇಲೆ ಹೊಳೀತು: 19800 ಸೆಕೆಂಡಂದ್ರೆ ಐದೂವರೆ ಗಂಟೆ. ಬೆಂಗಳೂರಿನ ಸರ್ವರ್ ಯುಟಿಸಿ (ಜಾಗತಿಕ ಸಮಯ) ಬರೀತಿತ್ತು, ಕೋಲಾರದ್ದು ಅದಕ್ಕಿಂತ ಅಷ್ಟೇ ಮುಂದಿರೋ ನಮ್ಮ ಟೈಮು. ಎರಡೂ ಕಡೆ ಯುಟಿಸಿ ಮಾಡಿದ ಮೇಲೆ ಮೈನಸ್ 3 ಬಂತು, ಅಂದ್ರೆ ರೆಪ್ಲಿಕಾ ಭವಿಷ್ಯ ಓದ್ತಿದೆ! ಅದರ ಗಡಿಯಾರ ಹಿಂದೆ ಬಿದ್ದಿತ್ತು. ಗಡಿಯಾರ ಹೊಂದಿಸೋ ಕ್ರೋನಿ ಅನ್ನೋ ಸಾಫ್ಟ್‌ವೇರ್ ಹಾಕಿ ಸರಿಮಾಡಿದೆ.

ಈಗ ಲ್ಯಾಗ್ 30 ಸೆಕೆಂಡು ದಾಟಿದರೆ ಚೀಟಿ ನೇರ ಬೆಂಗಳೂರಿನ ಸರ್ವರಿಂದಲೇ ಬರುತ್ತೆ. ರೂಟರಿಗೂ ಯುಪಿಎಸ್ ಬಂತು.

ಗುಮಾಸ್ತರ ಹತ್ತಿರ ತಪ್ಪಾಯ್ತು ಅನ್ನೋಕೆ ಹೋದೆ. ಅವರು ಅವತ್ತು ಕೈಯಲ್ಲೇ ಚೀಟಿ ಬರೆದುಕೊಟ್ಟು ರೈತನ್ನ ಕಳಿಸಿದ್ದರಂತೆ. ಕಾರ್ಬನ್ ಹಾಳೆಯ ಆ ಪುಸ್ತಕ ಇವತ್ತಿಗೂ ಅವರ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದೆ.